ವಿದ್ಯಾರ್ಥಿಯ ವಸತಿ: ದಾನವೋ, ಹಕ್ಕೋ?

ಅನ್ನ, ಅರಿವೆ, ಆಸರೆ ಇವು ಮನುಷ್ಯನ ಮೂರು ಪ್ರಥಮಾವಶ್ಯಕತೆಗಳೆಂದು ನಾವೆಲ್ಲರೂ ಅರ್ಥಶಾಸ್ತ್ರದ ಮೊದಲ ಪಾಠದಲ್ಲೇ ಓದಿದ್ದೇವೆ. ‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆ ಸಂಸಾರಸ್ಥರ ಪಾಡನ್ನು ಹೇಳುತ್ತದೆ. ಆದರೆ ಮನೆ ಕಟ್ಟುವ ಶಕ್ತಿ ಇನ್ನೂ ಬಾರದ, ಹೆತ್ತವರ ಮನೆಯನ್ನು ಬಿಟ್ಟು ಬಂದ ಹದಿನೆಂಟು ಇಪ್ಪತ್ತರ ತರುಣ ತರುಣಿಯರ ಪಾಡೇನು? ಹಳ್ಳಿಯಿಂದ ಬಂದವರಿಗೆ ಕಾಲೇಜಿನಲ್ಲಿ ಒಂದು ಸ್ಥಾನ ದೊರೆತರೆ ಸಾಲದು; ಪಟ್ಟಣದಲ್ಲಿ ಒಂದು ಸೂರೂ ದೊರೆಯಬೇಕು. ಎರಡನೆಯದು ಇಲ್ಲದಿದ್ದರೆ ಮೊದಲನೆಯದು ಕಾಗದದ ಮೇಲಿನ ಸ್ಥಾನವಷ್ಟೇ.

ನಮ್ಮ ಹಿರಿಯರ ಕಾಲದಲ್ಲಿ ‘ವಾರಾನ್ನ’ ಎಂಬ ಪದ್ಧತಿಯಿತ್ತು. ಬಡ ಹುಡುಗನು ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಉಂಡು, ಯಾರದೋ ಜಗುಲಿಯಲ್ಲಿ ಮಲಗಿ ವಿದ್ಯೆ ಕಲಿಯುತ್ತಿದ್ದನು. ಹೀಗೆ ಓದಿ ದೊಡ್ಡವರಾದವರು ಅನೇಕರು. ಆ ಗೃಹಿಣಿಯರ ಔದಾರ್ಯ ಸ್ಮರಣೀಯವೇ ಸರಿ. ಆದರೆ ಆ ಬಾಗಿಲುಗಳು ತೆರೆಯುತ್ತಿದ್ದುದು ಜಾತಿಯನ್ನು ನೋಡಿ. ಯಾವ ಮನೆಯವರೂ ಒಳಗೆ ಕರೆಯದ ಹುಡುಗನಿಗೆ ವಾರಾನ್ನವೂ ಇರಲಿಲ್ಲ, ಜಗುಲಿಯೂ ಇರಲಿಲ್ಲ.

ಈ ಕೊರತೆಯನ್ನು ಕಂಡವರೇ ವಿದ್ಯಾರ್ಥಿನಿಲಯಗಳನ್ನು ಕಟ್ಟಿದರು. ಕುದ್ಮುಲ್ ರಂಗರಾಯರು ಮಂಗಳೂರಿನಲ್ಲಿ ದಲಿತ ಮಕ್ಕಳಿಗೆ ಶಾಲೆಯೊಂದಿಗೆ ವಸತಿಯನ್ನೂ ಕಲ್ಪಿಸಿದರು. ನೆರೆಯ ಕೊಲ್ಹಾಪುರದಲ್ಲಿ ಶಾಹು ಮಹಾರಾಜರು 1901ರಿಂದ ಮೊದಲ್ಗೊಂಡು ಬೇರೆ ಬೇರೆ ಸಮಾಜಗಳ ವಿದ್ಯಾರ್ಥಿಗಳಿಗಾಗಿ ನಿಲಯಗಳನ್ನು ತೆರೆಯಿಸಿದರು. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಶ್ರೀ ಶಿವಕುಮಾರ ಸ್ವಾಮಿಗಳು ಎಲ್ಲ ಜಾತಿಯ ಸಾವಿರಾರು ಮಕ್ಕಳಿಗೆ ಅನ್ನ, ವಸತಿ, ವಿದ್ಯೆಗಳನ್ನಿತ್ತುದು ನಾಡಿಗೇ ತಿಳಿದ ವಿಷಯ. 1970ರ ದಶಕದಲ್ಲಿ ದೇವರಾಜ ಅರಸು ಅವರ ಸರ್ಕಾರ ಹಿಂದುಳಿದ ವರ್ಗಗಳ ವಿದ್ಯಾರ್ಥಿನಿಲಯಗಳನ್ನು ವಿಸ್ತರಿಸಿತು. ಹೀಗೆ ಮನೆಯ ಜಗುಲಿಯಿಂದ ಮಠಕ್ಕೆ, ಮಠದಿಂದ ಸರ್ಕಾರಕ್ಕೆ ಈ ಹೊಣೆ ಸಾಗಿಬಂದಿದೆ.

ಹೊಣೆ ಸರ್ಕಾರದ್ದಾದ ಮೇಲೆ ಇದನ್ನು ದಾನವೆನ್ನಬಹುದೇ? 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 25ನೆಯ ವಿಧಿ ವಸತಿಯನ್ನು ಹಕ್ಕುಗಳ ಸಾಲಿನಲ್ಲಿರಿಸಿದೆ. ನಮ್ಮ ಸಂವಿಧಾನದಲ್ಲಿ ವಸತಿಯ ಹಕ್ಕೆಂಬ ಪ್ರತ್ಯೇಕ ವಿಧಿಯಿಲ್ಲ. ಆದರೆ 21ನೆಯ ವಿಧಿ ನೀಡುವ ಜೀವಿಸುವ ಹಕ್ಕಿನಲ್ಲಿಯೇ ಅದು ಅಡಗಿದೆಯೆಂದು ಸುಪ್ರೀಂ ಕೋರ್ಟು ಹೇಳಿದೆ. 1990ರ ಶಾಂತಿಸ್ಟಾರ್ ಬಿಲ್ಡರ್ಸ್ ಮೊಕದ್ದಮೆಯ ತೀರ್ಪಿನ ಸಾರ ನಮಗಂತೂ ಮನನಯೋಗ್ಯವಾದುದು: ಪ್ರಾಣಿಗೆ ಮೈ ಮರೆಮಾಡುವ ತಾಣ ಸಾಕು, ಮನುಷ್ಯನಿಗಾದರೋ ದೇಹ, ಮನಸ್ಸು, ಬುದ್ಧಿ ಮೂರೂ ಬೆಳೆಯಲು ತಕ್ಕ ನೆಲೆ ಬೇಕು. ಬುದ್ಧಿ ಬೆಳೆಯುವುದಕ್ಕೆ ವಸತಿ ಬೇಕೆಂಬ ಈ ಮಾತು ವಿದ್ಯಾರ್ಥಿಗಲ್ಲದೆ ಇನ್ನಾರಿಗೆ ಹೆಚ್ಚಾಗಿ ಸಲ್ಲಬೇಕು?

ಹಾಗಾದರೆ ‘ತಕ್ಕ ನೆಲೆ’ ಯಾವುದು? 1991ರಲ್ಲಿ ವಿಶ್ವಸಂಸ್ಥೆಯ ಸಮಿತಿಯೊಂದು ಇದಕ್ಕೆ ಏಳು ಲಕ್ಷಣಗಳನ್ನು ಹೇಳಿತು: ಹೊರದೂಡಲ್ಪಡುವ ಭಯವಿಲ್ಲದಿರುವುದು, ನೀರು, ಶೌಚ ಮೊದಲಾದ ಸೌಕರ್ಯ, ಕೈಗೆಟುಕುವ ವೆಚ್ಚ, ವಾಸಯೋಗ್ಯತೆ, ಅಂಗವಿಕಲರೇ ಮೊದಲಾದವರಿಗೂ ಅನುಕೂಲ, ವಿದ್ಯೆ ಉದ್ಯೋಗಗಳ ಸ್ಥಳಕ್ಕೆ ಸಾಮೀಪ್ಯ, ಸಂಸ್ಕೃತಿಗೆ ಒಪ್ಪುವ ರೀತಿ. ವಿದ್ಯಾರ್ಥಿನಿಲಯವನ್ನು ಈ ಒರೆಗಲ್ಲಿಗೆ ಹಚ್ಚಿ ನೋಡಬೇಕು. ಗೋಡೆ, ಮಾಡು ಇದ್ದ ಮಾತ್ರಕ್ಕೆ ಅದು ನಿಲಯವಾಗದು. ರಾತ್ರಿ ಓದಲು ದೀಪವಿದೆಯೆ? ಮೂವತ್ತು ಮಂದಿಗೆ ಎಷ್ಟು ಶೌಚಾಲಯ? ಪರೀಕ್ಷೆಯ ಮುಂದೆ ಜ್ವರ ಬಂದರೆ ನೋಡುವವರಾರು?

ನಮ್ಮ ಮನೆತನದಲ್ಲಿ ಪದವಿ ತರಗತಿಯ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗನು. ಮೊದಲ ವರ್ಷ ನಿಲಯದಲ್ಲಿ ಸ್ಥಾನ ಸಿಗಲಿಲ್ಲವಾಗಿ ನಾಲ್ವರು ಗೆಳೆಯರು ಸೇರಿ ಕೊಠಡಿ ಹುಡುಕಿದೆವು. ಬಾಡಿಗೆ ಎಷ್ಟೆಂದು ನಾವು ಕೇಳುವ ಮೊದಲೇ ‘ನೀವು ಯಾವ ಜನ?’ ಎಂದು ಮನೆಯವರು ಕೇಳುತ್ತಿದ್ದರು. ಯಾವುದೇ ಬಡಾವಣೆಯಲ್ಲಿ ವಾಸದ ಮನೆ ಹಿಡಿಯುವುದಕ್ಕೆ ಅಸ್ಪೃಶ್ಯತೆಯ ಕಾರಣದಿಂದ ಅಡ್ಡಿಪಡಿಸುವುದು 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯಿದೆಯಂತೆ ಅಪರಾಧ. ಆದರೂ ‘ಕೊಠಡಿ ಖಾಲಿಯಿಲ್ಲ’ ಎಂಬ ಎರಡು ಮಾತಿನ ಹಿಂದೆ ಕಾಯಿದೆ ಸುಲಭವಾಗಿ ಮರೆಯಾಗುತ್ತದೆ.

ಹೆಣ್ಣುಮಕ್ಕಳ ಕಷ್ಟ ಇನ್ನೂ ದೊಡ್ಡದು. ನಮ್ಮೂರಿನಲ್ಲಿ ಪಿ.ಯು.ಸಿ.ಯಲ್ಲಿ ನನಗಿಂತ ಹೆಚ್ಚು ಅಂಕ ಗಳಿಸಿದ್ದ ಹುಡುಗಿಯೊಬ್ಬಳಿದ್ದಳು. ಆಕೆಗೆ ತೋರಿಸಿದ ನಿಲಯ ಪಟ್ಟಣದ ಹೊರಗಿತ್ತು, ದಾರಿಯಲ್ಲಿ ದೀಪವಿರಲಿಲ್ಲ. ತಂದೆ ಒಪ್ಪಲಿಲ್ಲ. ಆ ತಂದೆಯನ್ನು ಹಳೆಯ ಕಾಲದವನೆಂದು ಜರೆಯುವುದು ಸುಲಭ. ದಾರಿಗೊಂದು ದೀಪ ಹಾಕಿಸುವುದು ನ್ಯಾಯ.

ನಿಲಯದಲ್ಲಿ ಸ್ಥಾನ ದೊರೆಯದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗಾಗಿ ರಾಜ್ಯ ಸರ್ಕಾರ ‘ವಿದ್ಯಾಸಿರಿ’ ಯೋಜನೆಯನ್ನು ತಂದು, ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳ ನೆರವನ್ನು ಗೊತ್ತುಮಾಡಿತು. ಇದು ಸ್ವಾಗತಾರ್ಹ. ಆದರೆ ಹಣದಿಂದ ಬಾಡಿಗೆ ಕೊಡಬಹುದಲ್ಲದೆ, ಮುಚ್ಚಿದ ಬಾಗಿಲನ್ನು ತೆರೆಯಿಸಲಾಗದು; ಸುರಕ್ಷಿತವಾದ ನಿಲಯಗಳೇ ಹೆಚ್ಚಬೇಕು.

ಮಿತ್ರರೇ, ಕೇಳುವ ರೀತಿಯಲ್ಲಿಯೇ ವ್ಯತ್ಯಾಸವಿದೆ. ದಾನವನ್ನು ಪಡೆದವನು ಸೋರುವ ಮಾಡನ್ನು ಕಂಡೂ ಕೈಮುಗಿಯಬೇಕಾಗುತ್ತದೆ. ಹಕ್ಕನ್ನು ಪಡೆದವನು ಅದನ್ನು ದುರಸ್ತಿ ಮಾಡಿಸಿರೆಂದು ಅರ್ಜಿ ಬರೆಯಬಲ್ಲನು. ಪದವಿಯೊಡನೆ ಈ ಅರ್ಜಿ ಬರೆಯುವ ಧೈರ್ಯವನ್ನೂ ಇಲ್ಲಿಂದ ಕೊಂಡೊಯ್ದರೆ, ನಮ್ಮ ತರುವಾಯ ಬರುವ ತಮ್ಮ ತಂಗಿಯರಿಗೆ ಉಪಕಾರವಾದೀತು.