ವಿಡಿಯೋ ಆಟಗಳಲ್ಲಿ ರೇಖೆಯ ಸ್ಥಾನ: ಸೆಲ್ ಶೇಡಿಂಗ್ ಶೈಲಿಯ ಒಂದು ವಿವೇಚನೆ

ದೆಹಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಪಹಾಡಿ ಕಿರುಚಿತ್ರಗಳಿವೆ. ಅವುಗಳಲ್ಲಿ ಬಸೋಹ್ಲಿ ಶೈಲಿಯವನ್ನು ನೋಡುವವರು ಬೆಳಕು ಯಾವ ದಿಕ್ಕಿನಿಂದ ಬೀಳುತ್ತಿದೆಯೆಂದು ಹುಡುಕಿದರೆ ಪ್ರಯೋಜನವಿಲ್ಲ. ಏರಿಳಿತವಿಲ್ಲದ ಕೆಂಪು, ಹಳದಿ ವರ್ಣಗಳ ಹರವಿನ ಮೇಲೆ ಖಚಿತವಾದ ಹೊರರೇಖೆಯೇ ಆಕೃತಿಯನ್ನು ಎತ್ತಿ ನಿಲ್ಲಿಸುತ್ತದೆ. ಇದಕ್ಕೆ ಸಮೀಪವಾದ ದೃಷ್ಟಿಯೊಂದು ಕಳೆದ ಎರಡೂವರೆ ದಶಕಗಳಲ್ಲಿ ವಿಡಿಯೋ ಆಟಗಳಲ್ಲಿ 'ಸೆಲ್ ಶೇಡಿಂಗ್' ಎಂಬ ಹೆಸರಿನಿಂದ ಜನಪ್ರಿಯವಾಗಿದೆ.

'ಸೆಲ್' ಎಂಬುದು ಸೆಲ್ಯುಲಾಯ್ಡ್ ಶಬ್ದದ ಸಂಕ್ಷೇಪ. ಹಿಂದೆ ವ್ಯಂಗ್ಯಚಲನಚಿತ್ರಗಳ ಕಲಾವಿದರು ಪಾರದರ್ಶಕ ಹಾಳೆಯ ಮುಂಬದಿಯಲ್ಲಿ ರೇಖೆಯನ್ನೆಳೆದು ಹಿಂಬದಿಯಲ್ಲಿ ಬಣ್ಣ ತುಂಬುತ್ತಿದ್ದರು. ಗಣಕಯಂತ್ರದಲ್ಲಿ ರಚಿತವಾದ ಮೂರು ಆಯಾಮದ ಆಕೃತಿಯ ಮೇಲೆ ಬೆಳಕು ಸಾಮಾನ್ಯವಾಗಿ ಕ್ರಮಕ್ರಮವಾಗಿ ಮಸುಕಾಗುತ್ತದೆ. ಈ ವಿಧಾನದಲ್ಲಾದರೋ ಆ ಕ್ರಮವನ್ನು ಎರಡು ಮೂರು ಮಟ್ಟಗಳಿಗೆ ಇಳಿಸಲಾಗುವುದರಿಂದ ಬೆಳಕು ನೆರಳುಗಳ ನಡುವೆ ಸ್ಪಷ್ಟವಾದ ಗಡಿ ಮೂಡುತ್ತದೆ. ಆಕೃತಿಯ ತುಸು ಹಿಗ್ಗಿಸಿದ ಕಪ್ಪು ಪ್ರತಿಯನ್ನು ಅದರ ಹಿಂದೆ ಇರಿಸಿದಾಗ ಅಂಚಿನಲ್ಲಿ ಕಾಣುವಷ್ಟು ಭಾಗವೇ ಹೊರರೇಖೆಯಾಗುತ್ತದೆ. ಸರಳವಾಗಿ ತೋರುವ ಈ ಚಿತ್ರದ ಹಿಂದೆ ಹೆಚ್ಚುವರಿ ಲೆಕ್ಕಾಚಾರವಿದೆ ಎಂಬುದು ಗಮನಾರ್ಹ.

2000ದಲ್ಲಿ ಜಪಾನಿನ ಸೆಗಾ ಸಂಸ್ಥೆ ಹೊರತಂದ 'ಜೆಟ್ ಸೆಟ್ ರೇಡಿಯೋ' ಈ ಶೈಲಿಗೆ ಪ್ರಸಿದ್ಧಿ ತಂದಿತು. ನಿಂಟೆಂಡೋ ಸಂಸ್ಥೆಯ 'ದಿ ವಿಂಡ್ ವೇಕರ್' ಆಟದ ದೃಶ್ಯಗಳನ್ನು 2001ರಲ್ಲಿ ಕಂಡ ಅನೇಕ ಅಭಿಮಾನಿಗಳು ಅದು ಬಾಲಿಶವೆಂದು ಹಳಿದರು. ಆಟ 2002ರಲ್ಲಿ ಪ್ರಕಟವಾಯಿತು. ಅದೇ ಕಾಲದಲ್ಲಿ ಛಾಯಾಚಿತ್ರದ ವಾಸ್ತವತೆಗಾಗಿ ಹೆಣಗಿದ ಎಷ್ಟೋ ಆಟಗಳು ಇಂದು ಹಳತಾಗಿ ಕಾಣುತ್ತವೆ. ಇದು ಹಾಗೆ ಕಾಣುವುದಿಲ್ಲ. ಮುಂದೆ 'ಓಕಾಮಿ' (2006) ಜಪಾನಿನ ಮಸಿಚಿತ್ರ ಪರಂಪರೆಯನ್ನೇ ಆಧಾರವಾಗಿಸಿಕೊಂಡಿತು. 'ಗೆನ್ಶಿನ್ ಇಂಪ್ಯಾಕ್ಟ್' (2020) ಆಟದಿಂದ ಈ ಶೈಲಿ ಮೊಬೈಲ್ ದೂರವಾಣಿಗಳ ಮೂಲಕ ಅಸಂಖ್ಯ ಯುವಜನರನ್ನು ತಲುಪಿತು.

ಭಾರತದಲ್ಲಿ ಈ ಕೌಶಲಕ್ಕೆ ಕೊರತೆಯಿಲ್ಲ. 1997ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಧ್ರುವ ಇಂಟರಾಕ್ಟಿವ್, 2004ರಲ್ಲಿ ದೆಹಲಿಗೆ ಹೊಂದಿದ ಗುರುಗ್ರಾಮದಲ್ಲಿ ಆರಂಭವಾದ ಲಕ್ಷ್ಯ ಡಿಜಿಟಲ್ ಮೊದಲಾದ ಸಂಸ್ಥೆಗಳು ವಿದೇಶೀ ಆಟಗಳಿಗೆ ಚಿತ್ರಕಾರ್ಯವನ್ನು ಒದಗಿಸಿ ಹೆಸರು ಗಳಿಸಿದವು. ಆದರೆ ಇಂಥ ಕಾರ್ಯದಲ್ಲಿ ಕೈ ಇಲ್ಲಿಯದಾದರೂ ಶೈಲಿಯ ನಿರ್ಧಾರ ಬಹುಮಟ್ಟಿಗೆ ಅನ್ಯರದು. ಪುಣೆಯ ನಾಡಿಂಗ್ ಹೆಡ್ಸ್ ಸಂಸ್ಥೆಯ 'ರಾಜಿ' (2020) ಕಟ್ಟುನಿಟ್ಟಾದ ಅರ್ಥದಲ್ಲಿ ಸೆಲ್ ಶೇಡಿಂಗ್ ಅಲ್ಲದಿದ್ದರೂ ಪಹಾಡಿ ಚಿತ್ರಗಳಿಂದ ಪ್ರೇರಣೆ ಪಡೆದು, ಕಥಾಭಾಗಗಳನ್ನು ನೆರಳುಗೊಂಬೆಯಾಟದ ರೀತಿಯಲ್ಲಿ ನಿರೂಪಿಸಿ ಬೇರೊಂದು ದಾರಿಯನ್ನು ತೋರಿತು.

ಈ ದಾರಿಯಲ್ಲಿ ಕರ್ನಾಟಕದ ತೊಗಲುಗೊಂಬೆಗೆ ವಿಶೇಷ ಮಹತ್ತ್ವವಿದೆ. ಅಲ್ಲಿ ಬೆಳಕು ಹದಮಾಡಿದ ಚರ್ಮದ ಹಿಂದಿನಿಂದ ಬರುತ್ತದೆ. ಆದ್ದರಿಂದ ಮೈಯ ಮೇಲೆ ನೆರಳಿಲ್ಲ. ಕೊರೆದ ರಂಧ್ರಗಳೇ ಆಭರಣವಾಗಿ ಹೊಳೆಯುತ್ತವೆ, ಗೆರೆಯೇ ಮುಖಭಾವವಾಗುತ್ತದೆ. ಕೊಪ್ಪಳ ಜಿಲ್ಲೆಯ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಸಂದುದರಿಂದ ಈ ಕಲೆಗೆ ರಾಷ್ಟ್ರದ ಮನ್ನಣೆ ದೊರೆತಂತಾಯಿತು. ಆದರೆ ಯಾವ ಪಾತ್ರಕ್ಕೆ ಯಾವ ಬಣ್ಣ, ಎಲ್ಲಿ ಎಷ್ಟು ಕೊರೆತ ಎಂಬ ತಿಳಿವು ಕಲಾವಿದರ ಕೈಯಲ್ಲಿದೆ. ಕೈ ನಿಂತರೆ ಅದೂ ನಿಲ್ಲುತ್ತದೆ. ಆ ತಿಳಿವನ್ನು ಅವರ ಮಾತಿನಲ್ಲಿಯೇ, ಅವರ ಪರಿಭಾಷೆಯೊಡನೆ ದಾಖಲಿಸುವುದು ಕನ್ನಡ ವಿದ್ವತ್ತಿನ ಹೊಣೆ. ಅದು ನೆರವೇರದೆ ಹೋದರೆ ಮುಂದಿನ ಆಟಗಳಲ್ಲಿ ತೊಗಲುಗೊಂಬೆಯ ಹೊರರೂಪ ಮಾತ್ರ ಉಳಿದೀತು.