ಮೆಟ್ಟಿಲೇರುವ ಮುನ್ನ: ಪೋಕರ್ ಆಟಗಾರನ ಗಂಟು ಮತ್ತು ಸಂಭವನೀಯತೆಯ ಗಣಿತ

ಎದುರಾಳಿಗಳಿಗಿಂತ ನಿಜವಾಗಿಯೂ ಚತುರನಾದ ಆಟಗಾರನೊಬ್ಬನು, ಯಾರಿಂದಲೂ ಮೋಸಹೋಗದೆ, ಆಟದಲ್ಲಿ ಎಲ್ಲಿಯೂ ಎಡವದೆ, ಬರಿಗೈಯಾಗಿ ಮೇಜಿನಿಂದೇಳುವುದು ಸಾಧ್ಯವೆ? ಮೇಲುನೋಟಕ್ಕೆ ಇದು ಅಸಂಗತವೆಂದು ತೋರುತ್ತದೆ. ಆದರೆ ಗಣಿತಶಾಸ್ತ್ರದ ಉತ್ತರ ಬೇರೆ. ಅದು ಸಾಧ್ಯ, ಅಷ್ಟೇ ಅಲ್ಲ, ಅದರ ಸಂಭವ ನೂರಕ್ಕೆ ಎಷ್ಟೆಂಬುದನ್ನು ಮುಂಚಿತವಾಗಿಯೇ ಲೆಕ್ಕಹಾಕಿ ಹೇಳಬಹುದು. 1654ರಲ್ಲಿ ಫ್ರಾನ್ಸಿನ ಪಾಸ್ಕಲ್ ಮತ್ತು ಫರ್ಮಾ ಎಂಬ ಪಂಡಿತರು ಜೂಜಿನ ಪಣವನ್ನು ಹಂಚುವ ವಿಚಾರವಾಗಿ ನಡೆಸಿದ ಪತ್ರವ್ಯವಹಾರದಿಂದ ಸಂಭವನೀಯತೆಯ ಶಾಸ್ತ್ರ ಮೊಳೆಯಿತಷ್ಟೆ. ಕೆಲವೇ ವರ್ಷಗಳಲ್ಲಿ ಅವರು ಕೈಗೆತ್ತಿಕೊಂಡ ಮತ್ತೊಂದು ಸಮಸ್ಯೆಗೆ 'ಜೂಜುಗಾರನ ನಾಶ' ಎಂಬ ಹೆಸರು ನಿಂತಿದೆ. ಹೈಗೆನ್ಸನು 1657ರ ತನ್ನ ಗ್ರಂಥದಲ್ಲಿ ಅದಕ್ಕೆ ಸ್ಥಾನ ಕೊಟ್ಟನು. ಈ ಹಳೆಯ ಸಮಸ್ಯೆ ಇಂದು ಅತ್ಯಂತ ಸ್ಪಷ್ಟವಾಗಿ ಕಾಣಸಿಗುವುದು ಆನ್‌ಲೈನ್ ಪೋಕರ್ ಆಟದಲ್ಲಿ.

ಆಟದ ಸ್ವರೂಪ

ಪೋಕರ್ ಎಂಬುದು ಇಸ್ಪೀಟಿನ ಆಟ. ಇಲ್ಲಿ ಆಟಗಾರನು ಆಡಿಸುವ ಸಂಸ್ಥೆಯ ಎದುರಾಗಿ ಆಡುವುದಿಲ್ಲ. ತನ್ನಂತೆಯೇ ಹಣವೊಡ್ಡಿ ಕುಳಿತ ಇತರ ಆಟಗಾರರ ಎದುರಾಗಿ ಆಡುತ್ತಾನೆ. ಆದುದರಿಂದಲೇ ಇಲ್ಲಿ ಜಾಣ್ಮೆಗೆ ಎಡೆಯುಂಟು. ಆಡಿಸುವ ಸಂಸ್ಥೆಯಾದರೋ ಪ್ರತಿ ಸುತ್ತಿನ ಒಟ್ಟು ಪಣದಿಂದ ಒಂದು ಪಾಲನ್ನು, ಸಾಮಾನ್ಯವಾಗಿ ಶೇಕಡ 5ರಷ್ಟನ್ನು ಒಂದು ಮಿತಿಗೆ ಒಳಪಟ್ಟು, ತನ್ನ ಶುಲ್ಕವಾಗಿ ತೆಗೆದುಕೊಳ್ಳುತ್ತದೆ. 1998ರಲ್ಲಿ ಈ ಆಟ ಅಂತರಜಾಲದಲ್ಲಿ ಹಣವೊಡ್ಡಿ ಆಡುವಂತೆ ಆರಂಭವಾಯಿತು. ನಿಜವಾದ ಮೇಜಿನಲ್ಲಿ ಗಂಟೆಗೆ ಸುಮಾರು 30 ಸುತ್ತು ನಡೆದರೆ ಗಣಕಯಂತ್ರದ ಪರದೆಯಲ್ಲಿ ಅದರ ಎರಡರಷ್ಟಕ್ಕೂ ಮಿಕ್ಕಿ ನಡೆಯುತ್ತದೆ.

ಪ್ರತಿ ಸುತ್ತಿನ ಮೊದಲು, ಎಲೆಗಳನ್ನು ನೋಡುವುದಕ್ಕೆ ಮುಂಚೆಯೇ, ಇಬ್ಬರು ಆಟಗಾರರು ಸರದಿಯಂತೆ ಕಡ್ಡಾಯವಾಗಿ ಪಣ ಇಡಬೇಕು. ಇವುಗಳಲ್ಲಿ ದೊಡ್ಡದಕ್ಕೆ 'ಬಿಗ್ ಬ್ಲೈಂಡ್' ಎಂದು ಹೆಸರು. ಇದನ್ನೇ ನಾವು ಈ ಲೇಖನದಲ್ಲಿ ಏಕಮಾನವಾಗಿ ಇಟ್ಟುಕೊಳ್ಳೋಣ. ಸಾಮಾನ್ಯವಾಗಿ ಆಟಗಾರನು 100 ಏಕಮಾನಗಳನ್ನು ತಂದು ಮೇಜಿಗೆ ಕುಳಿತುಕೊಳ್ಳುತ್ತಾನೆ. ಏಕಮಾನವು ಎರಡು ಸೆಂಟುಗಳಷ್ಟಿರುವ ಮೇಜುಗಳೂ ಉಂಟು, ಹಲವಾರು ಡಾಲರುಗಳಷ್ಟಿರುವ ಮೇಜುಗಳೂ ಉಂಟು. ಇವು ಒಂದರ ಮೇಲೊಂದು ಇಟ್ಟ ಮೆಟ್ಟಿಲುಗಳಂತೆ. ಆಟಕ್ಕೆಂದೇ ಬೇರೆಯಾಗಿ ತೆಗೆದಿರಿಸಿದ ಹಣವನ್ನು ಆಟಗಾರರು 'ಬ್ಯಾಂಕ್‌ರೋಲ್' ಎನ್ನುತ್ತಾರೆ. ನಾವು ಗಂಟು ಎನ್ನೋಣ. ಮನೆಖರ್ಚಿನ ಹಣ, ವಿದ್ಯಾಭ್ಯಾಸದ ಹಣ, ಸಾಲದ ಹಣ ಇವು ಯಾವುವೂ ಗಂಟಲ್ಲ. ಗಂಟು ಬೆಳೆದಂತೆಲ್ಲ ಆಟಗಾರನ ಮುಂದೆ ಒಂದು ಪ್ರಶ್ನೆ ನಿಲ್ಲುತ್ತದೆ: ಮೇಲಿನ ಮೆಟ್ಟಿಲಿಗೆ ಹೋಗುವುದು ಯಾವಾಗ?

ಒಲವು ಮತ್ತು ಓಲಾಟ

ಒಬ್ಬ ಒಳ್ಳೆಯ ಆಟಗಾರನು ಶುಲ್ಕವೆಲ್ಲ ಕಳೆದು, ಸರಾಸರಿ 100 ಸುತ್ತುಗಳಿಗೆ 5 ಏಕಮಾನಗಳನ್ನು ಗೆಲ್ಲುತ್ತಾನೆಂದು ಭಾವಿಸೋಣ. ಇದು ಅವನ ಆಟದ ಒಲವು. ಆದರೆ ಯಾವುದೇ 100 ಸುತ್ತುಗಳಲ್ಲಿ ಫಲಿತಾಂಶವು ಈ ಸರಾಸರಿಯಿಂದ ಅತ್ತಿತ್ತ ಚದರುತ್ತದೆ. ಈ ಚದರಿಕೆಯ ಅಳತೆಗೆ ಮಾನಕ ವಿಚಲನೆ ಎಂದು ಹೆಸರು. ಮಿತಿಯಿಲ್ಲದೆ ಪಣ ಏರಿಸಬಹುದಾದ ಪೋಕರಿನಲ್ಲಿ ಅದು 100 ಸುತ್ತುಗಳಿಗೆ ಹೆಚ್ಚುಕಡಮೆ 100 ಏಕಮಾನ. ಅಂದರೆ ಓಲಾಟವು ಒಲವಿನ ಇಪ್ಪತ್ತರಷ್ಟು!

ಭೌತವಿಜ್ಞಾನದ ವಿದ್ಯಾರ್ಥಿಗಳಿಗೆ ಇಂಥ ಚಿತ್ರ ಅಪರಿಚಿತವೇನಲ್ಲ. ಒಂದು ಚದರ ಮಿಲಿಮೀಟರ್ ಅಡ್ಡಕೊಯ್ತದ ತಾಮ್ರದ ತಂತಿಯಲ್ಲಿ ಒಂದು ಆಂಪಿಯರ್ ವಿದ್ಯುತ್ತು ಹರಿಯುವಾಗ, ಇಲೆಕ್ಟ್ರಾನುಗಳು ದಿಕ್ಕುದೆಸೆಯಿಲ್ಲದೆ ಸೆಕೆಂಡಿಗೆ ಸಾವಿರಾರು ಕಿಲೋಮೀಟರುಗಳ ಲೆಕ್ಕದಲ್ಲಿ ನುಗ್ಗಾಡುತ್ತಿರುತ್ತವೆ. ಆದರೆ ತಂತಿಯ ಉದ್ದಕ್ಕೆ ಅವುಗಳ ಒಟ್ಟು ಸರಿತವು ಸೆಕೆಂಡಿಗೆ ಒಂದು ಮಿಲಿಮೀಟರಿನ ಹತ್ತನೆಯ ಒಂದಂಶವೂ ಆಗದು. ಒಂದೊಂದು ಇಲೆಕ್ಟ್ರಾನನ್ನೂ ಕ್ಷಣಕಾಲ ನೋಡಿದವನಿಗೆ ಈ ಸರಿತ ಕಾಣಿಸುವುದೇ ಇಲ್ಲ. ಸ್ವಲ್ಪ ಹೊತ್ತಿನ ಆಟವನ್ನು ನೋಡಿ ಆಟಗಾರನ ಜಾಣ್ಮೆಯನ್ನು ಅಳೆಯಹೊರಟವನ ಪಾಡೂ ಅದೇ.

ಕಾಲ ಕಳೆದಂತೆ ಏನಾಗುತ್ತದೆ? ಒಲವು ಸುತ್ತುಗಳ ಸಂಖ್ಯೆಗೆ ನೇರವಾಗಿ ಬೆಳೆಯುತ್ತದೆ. ಓಲಾಟವಾದರೋ ಆ ಸಂಖ್ಯೆಯ ವರ್ಗಮೂಲಕ್ಕೆ ಅನುಸಾರವಾಗಿ ಮಾತ್ರ ಬೆಳೆಯುತ್ತದೆ. 10,000 ಸುತ್ತುಗಳಾದ ಮೇಲೆ ನಮ್ಮ ಆಟಗಾರನ ನಿರೀಕ್ಷಿತ ಗಳಿಕೆ 500 ಏಕಮಾನ, ಮಾನಕ ವಿಚಲನೆ 1,000. ಆಗಲೂ ಅವನು ನಷ್ಟದಲ್ಲಿರುವ ಸಂಭವ ಶೇಕಡ 31! 1,00,000 ಸುತ್ತುಗಳಾದ ಮೇಲೆ ಅದು ಶೇಕಡ 6ಕ್ಕೆ ಇಳಿಯುತ್ತದೆ. ಕೊನೆಗೆ ಒಲವೇ ಗೆಲ್ಲುವುದು ನಿಶ್ಚಯ. ಆದರೆ ಆ ಕೊನೆಯವರೆಗೆ ಗಂಟು ಉಳಿದಿರಬೇಕಷ್ಟೆ!

ನಾಶದ ಸೂತ್ರ

ಗಂಟು ಎಷ್ಟಿದ್ದರೆ ಉಳಿದೀತು? ಒಲವು, ಓಲಾಟ ಎರಡೂ ಬದಲಾಗದೆ ಇದ್ದು, ಆಟಗಾರನು ಒಂದೇ ಮೆಟ್ಟಿಲಿನಲ್ಲಿ ಎಂದೆಂದಿಗೂ ಆಡುತ್ತಿದ್ದರೆ, ನಾಶದ ಸಂಭವವನ್ನು ಒಂದು ಸರಳ ಸೂತ್ರ ಹೇಳುತ್ತದೆ. ಒಲವಿನ ಎರಡರಷ್ಟನ್ನು ಗಂಟಿನಿಂದ ಗುಣಿಸಿ, ಓಲಾಟದ ವರ್ಗದಿಂದ ಭಾಗಿಸಿರಿ. ಬಂದ ಸಂಖ್ಯೆಯನ್ನು ಋಣಚಿಹ್ನೆಯೊಡನೆ 2.718 ಎಂಬ ಸ್ವಾಭಾವಿಕ ಲಾಗರಿತಮ್ ಆಧಾರಕ್ಕೆ ಘಾತವಾಗಿ ಏರಿಸಿರಿ. ನಮ್ಮ ಆಟಗಾರನಿಗೆ ಈ ಘಾತವು ಗಂಟಿನ ಸಾವಿರದಲ್ಲೊಂದು ಭಾಗ. ಆದ್ದರಿಂದ 2,000 ಏಕಮಾನಗಳ ಗಂಟಿದ್ದರೆ ನಾಶದ ಸಂಭವ ಶೇಕಡ 13.5, 3,000 ಇದ್ದರೆ ಶೇಕಡ 5, 5,000 ಇದ್ದರೆ ಶೇಕಡ ಒಂದಕ್ಕಿಂತಲೂ ಕಡಮೆ. ಗಂಟು ಕೂಡಿಕೆಯ ಕ್ರಮದಲ್ಲಿ ಬೆಳೆದರೆ ಅಪಾಯ ಭಾಗಾಕಾರದ ಕ್ರಮದಲ್ಲಿ ಕುಗ್ಗುತ್ತದೆ.

ಈಗ ಮೆಟ್ಟಿಲಿನ ಪ್ರಶ್ನೆಗೆ ಬರೋಣ. ಏಕಮಾನವು 10 ಸೆಂಟಿರುವ ಮೇಜಿನಲ್ಲಿ ನಮ್ಮ ಆಟಗಾರನ ಗಂಟು 400 ಡಾಲರಿಗೆ ಬೆಳೆದಿದೆ; ಎಂದರೆ 4,000 ಏಕಮಾನ. ನಾಶದ ಸಂಭವ ಶೇಕಡ 2ಕ್ಕಿಂತ ಕಡಮೆ. ಅವನು ಏಕಮಾನವು 20 ಸೆಂಟಿರುವ ಮೇಜಿಗೆ ಏರುತ್ತಾನೆ. ಹಣ ಅಷ್ಟೇ ಇದ್ದರೂ ಗಂಟು ಈಗ 2,000 ಏಕಮಾನವಾಯಿತು. ಇದರ ಜೊತೆಗೆ, ಮೇಲಿನ ಮೆಟ್ಟಿಲಿನ ಎದುರಾಳಿಗಳು ಹೆಚ್ಚು ನುರಿತವರು. ಅವನ ಒಲವು 5ರಿಂದ 2.5ಕ್ಕೆ ಇಳಿಯಿತೆನ್ನೋಣ. ಸೂತ್ರದಲ್ಲಿ ಇವೆರಡನ್ನೂ ಇಟ್ಟು ನೋಡಿದರೆ ನಾಶದ ಸಂಭವ ಶೇಕಡ 37! ಒಂದೇ ಹೆಜ್ಜೆಗೆ ಅಪಾಯ ಇಪ್ಪತ್ತರಷ್ಟಾಯಿತು. ಗಳಿಕೆಯಾದರೂ ಹೆಚ್ಚಿತೆ? ಕೆಳಗೆ 100 ಸುತ್ತುಗಳಿಗೆ 5 ಏಕಮಾನ, ಅಂದರೆ 50 ಸೆಂಟು. ಮೇಲೆ ಎರಡೂವರೆ ಏಕಮಾನ, ಅದೂ 50 ಸೆಂಟೇ. ಮೆಟ್ಟಿಲೇರಿದವನಿಗೆ ದೊರೆತದ್ದು ಅಪಾಯವೊಂದೇ.

ಹಾಗಾದರೆ ಏರಲೇ ಬಾರದೆ? ಏರಬಹುದು, ಇಳಿಯುವ ನಿಯಮವನ್ನು ಮೊದಲೇ ಗೊತ್ತುಮಾಡಿಕೊಂಡು ಏರಬೇಕು. 400 ಡಾಲರುಗಳಲ್ಲಿ 100ನ್ನು ಮಾತ್ರ ಪರೀಕ್ಷೆಗೆಂದು ಮೀಸಲಿಟ್ಟು, ಅದು ಕಳೆದೊಡನೆ ತಕರಾರಿಲ್ಲದೆ ಕೆಳಗಿಳಿಯುವುದೆಂದು ನಿಶ್ಚಯಿಸಿದರೆ, ಉಳಿದ 300 ಡಾಲರು ಕೆಳಗಿನ ಮೇಜಿನಲ್ಲಿ 3,000 ಏಕಮಾನಕ್ಕೆ ಸಮ. ಪರೀಕ್ಷೆ ಸೋತರೂ ಅಲ್ಲಿಂದ ಮುಂದಿನ ನಾಶದ ಸಂಭವ ಶೇಕಡ 5 ಮಾತ್ರ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆ ಎಲ್ಲರಿಗೂ ಗೊತ್ತು. ಹಾಸಿಗೆ ಕಿರಿದಾದಾಗ ಕಾಲನ್ನು ಮಡಿಸಬೇಕೆಂಬುದೂ ಅದರಲ್ಲೇ ಅಡಗಿದೆ.

ಕೆಲ್ಲಿಯ ನಿಯಮ

ಪಣದ ಗಾತ್ರವನ್ನು ಕುರಿತ ಈ ವಿವೇಕಕ್ಕೆ ಖಚಿತವಾದ ಗಣಿತರೂಪ ಕೊಟ್ಟವನು ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿದ್ದ ಜಾನ್ ಕೆಲ್ಲಿ ಎಂಬ ಭೌತವಿಜ್ಞಾನಿ. ಸಂದೇಶಗಳ ರವಾನೆಯ ಸಿದ್ಧಾಂತವನ್ನು ಕುರಿತು 1956ರಲ್ಲಿ ಅವನು ಬರೆದ ಪ್ರಬಂಧದಲ್ಲಿ ಇದು ಬರುತ್ತದೆ. ನೂರಕ್ಕೆ 55 ಸಲ ನಮ್ಮ ಕಡೆಗೆ ಬೀಳುವ ನಾಣ್ಯವೊಂದಿದೆಯೆಂದೂ, ಗೆದ್ದರೆ ಒಡ್ಡಿದಷ್ಟೇ ದೊರೆಯುವುದೆಂದೂ ಭಾವಿಸಿರಿ. ಕೈಯಲ್ಲಿ 100 ರೂಪಾಯಿ ಇದೆ. ಪ್ರತಿ ಸಲವೂ ಆಗ ಇರುವ ಗಂಟಿನ ಒಂದು ನಿಶ್ಚಿತ ಭಾಗವನ್ನು ಒಡ್ಡಬೇಕು. 100 ಸಲ ಆಡಿ, ಸರಿಯಾಗಿ 55 ಸಲ ಗೆದ್ದು 45 ಸಲ ಸೋತಿದ್ದೇವೆ. ಫಲವೇನು?

ಪ್ರತಿ ಸಲವೂ ಶೇಕಡ 5ನ್ನು ಒಡ್ಡಿದವನ ಕೈಯಲ್ಲಿ ಸುಮಾರು 146 ರೂಪಾಯಿ ಇರುತ್ತದೆ. ಶೇಕಡ 10ನ್ನು ಒಡ್ಡಿದವನ ಬಳಿ 165. ಶೇಕಡ 20ನ್ನು ಒಡ್ಡಿದವನ ಬಳಿ 99, ಎಂದರೆ ಹೊರಟಲ್ಲಿಗೇ ಬಂದ ಹಾಗಾಯಿತು. ಶೇಕಡ 30ನ್ನು ಒಡ್ಡಿದವನ ಬಳಿ ಉಳಿಯುವುದು 20 ರೂಪಾಯಿ! ನಾಣ್ಯ ಅದೇ, ಗೆಲುವುಗಳ ಸಂಖ್ಯೆಯೂ ಅದೇ. ಒಬ್ಬನನ್ನು ಬೆಳೆಸಿದ್ದೂ ಇನ್ನೊಬ್ಬನನ್ನು ಕೆಡಿಸಿದ್ದೂ ಪಣದ ಗಾತ್ರ. ಕೆಲ್ಲಿಯ ಸೂತ್ರದಂತೆ ಇಲ್ಲಿ ಅತ್ಯುತ್ತಮ ಭಾಗವೆಂದರೆ ಗೆಲುವಿನ ಮತ್ತು ಸೋಲಿನ ಸಂಭವಗಳ ವ್ಯತ್ಯಾಸ, ಅಂದರೆ ಶೇಕಡ 10. ಅದರ ಅರ್ಧವನ್ನು ಒಡ್ಡಿದವನು ಬೆಳವಣಿಗೆಯ ವೇಗದಲ್ಲಿ ಕಾಲುಭಾಗವನ್ನು ಮಾತ್ರ ಬಿಟ್ಟುಕೊಡುತ್ತಾನೆ, ಆದರೆ ಓಲಾಟ ಅರ್ಧಕ್ಕಿಳಿಯುತ್ತದೆ. ಎರಡರಷ್ಟನ್ನು ಒಡ್ಡಿದವನು ಬೆಳವಣಿಗೆಯನ್ನೆಲ್ಲ ಕಳೆದುಕೊಳ್ಳುತ್ತಾನೆ. ಸಂದೇಹ ಬಂದಾಗ ಕಡಮೆ ಒಡ್ಡುವುದೇ ಲೇಸೆಂಬುದು ಇದರಿಂದ ಸಿದ್ಧವಾಗುತ್ತದೆ.

ಒಂದು ಪ್ರಯೋಗ

ಈ ವಿವೇಕವನ್ನು ಬಹಿರಂಗವಾಗಿ ಪ್ರಯೋಗಿಸಿ ತೋರಿಸಿದವನು ಕ್ರಿಸ್ ಫರ್ಗುಸನ್. ಗಣಕವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದ ಈತ 2000ದಲ್ಲಿ ಪೋಕರಿನ ವಿಶ್ವಪಂದ್ಯದ ಮುಖ್ಯ ಸ್ಪರ್ಧೆಯನ್ನು ಗೆದ್ದವನು. 2006ರಲ್ಲಿ ಈತ ಒಂದು ಸೆಂಟೂ ಇಲ್ಲದೆ, ಪ್ರವೇಶಧನವಿಲ್ಲದ ಪಂದ್ಯಗಳಿಂದ ಆರಂಭಿಸಿ ಗಂಟನ್ನು 10,000 ಡಾಲರಿಗೆ ಬೆಳೆಸುವ ಪಣ ತೊಟ್ಟನು. ಸಾಮಾನ್ಯ ಮೇಜಿಗೆ ಗಂಟಿನ ಶೇಕಡ 5ಕ್ಕಿಂತ ಹೆಚ್ಚನ್ನು ತರಬಾರದು. ಅನೇಕ ಮೇಜುಗಳ ಪಂದ್ಯಗಳಿಗೆ ಶೇಕಡ 2ಕ್ಕಿಂತ ಹೆಚ್ಚನ್ನು ತೆರಬಾರದು. ಮುಂದಿರುವ ಹಣ ಗಂಟಿನ ಶೇಕಡ 10ನ್ನು ಮೀರಿದರೆ ಮೇಜು ಬಿಟ್ಟೇಳಬೇಕು. ತೀರ ಕೆಳಗಿನ ಮೆಟ್ಟಿಲುಗಳಿಗೆ ಮಾತ್ರ ರಿಯಾಯಿತಿ. ಗಂಟು ಕುಗ್ಗಿದಾಗ ಈ ನಿಯಮಗಳೇ ಅವನನ್ನು ಕೆಳಗಿನ ಮೆಟ್ಟಿಲಿಗೆ ದೂಡುತ್ತಿದ್ದುವು. ವಿಶ್ವಪಂದ್ಯ ಗೆದ್ದವನು ಚಿಲ್ಲರೆಕಾಸಿನ ಮೇಜಿಗೆ ಮತ್ತೆ ಮತ್ತೆ ಇಳಿದು ಕುಳಿತು, ಒಂದು ವರ್ಷಕ್ಕೂ ಮೀರಿ ದುಡಿದು ಗುರಿ ಮುಟ್ಟಿದನು.

ಸೂತ್ರಕ್ಕೆ ಸಿಕ್ಕದ ಅಪಾಯಗಳೂ ಉಂಟೆಂಬುದಕ್ಕೆ ಈ ಕಥೆಯ ಉತ್ತರಭಾಗವೇ ಸಾಕ್ಷಿ. ಈ ಪ್ರಯೋಗ ನಡೆದುದು ಫುಲ್ ಟಿಲ್ಟ್ ಎಂಬ ಸಂಸ್ಥೆಯ ಮೇಜುಗಳಲ್ಲಿ. ಅಮೆರಿಕದ ಸರ್ಕಾರ 2011ರ ಸೆಪ್ಟೆಂಬರಿನಲ್ಲಿ ನ್ಯಾಯಾಲಯಕ್ಕೆ ಸಲ್ಲಿಸಿದ ದೂರಿನ ಪ್ರಕಾರ, ಆ ವರ್ಷದ ಮಾರ್ಚ್ ಕೊನೆಗೆ ಆ ಸಂಸ್ಥೆ ಆಟಗಾರರಿಗೆ ಕೊಡಬೇಕಾಗಿದ್ದ ಹಣ ಸುಮಾರು 39 ಕೋಟಿ ಡಾಲರು. ಬ್ಯಾಂಕಿನಲ್ಲಿ ಇದ್ದದ್ದು ಸುಮಾರು 6 ಕೋಟಿ. ಲೆಕ್ಕ ತಪ್ಪದೆ ಆಡಿದವರ ಗಂಟುಗಳೂ ಅಲ್ಲಿ ಸಿಕ್ಕಿಕೊಂಡುವು.

ಒಲವೇ ಇಲ್ಲದಿದ್ದರೆ?

ಇದುವರೆಗಿನ ಲೆಕ್ಕವೆಲ್ಲ ಒಂದು ಊಹೆಯ ಮೇಲೆ ನಿಂತಿದೆ: ಆಟಗಾರನ ಒಲವು ಧನಾತ್ಮಕವಾಗಿದೆ ಎಂಬುದು. ಒಬ್ಬನ ಗೆಲುವು ಇನ್ನೊಬ್ಬನ ಸೋಲಾದ್ದರಿಂದ ಎಲ್ಲರ ಒಲವುಗಳ ಮೊತ್ತ ಸೊನ್ನೆ. ಸಂಸ್ಥೆಯ ಶುಲ್ಕವನ್ನು ಕಳೆದರೆ ಅದು ಸೊನ್ನೆಗಿಂತ ಕೆಳಗೆ. ಒಲವು ಸೊನ್ನೆಯಾದವನಿಗೂ ಋಣಾತ್ಮಕವಾದವನಿಗೂ ಸದಾ ಆಡುತ್ತಿದ್ದರೆ ನಾಶ ನಿಶ್ಚಿತ. ಗಂಟು ದೊಡ್ಡದಾದರೆ ಆ ದಿನ ದೂರವಾಗುತ್ತದೆ, ತಪ್ಪುವುದಿಲ್ಲ. ಯಾವ ಮೂಲಧನ ನಿರ್ವಹಣೆಯೂ ಇಲ್ಲದ ಒಲವನ್ನು ಸೃಷ್ಟಿಸಲಾರದು. ತನಗೆ ಒಲವಿದೆಯೆಂದು ತಿಳಿಯುವ ಬಗೆಯಾದರೂ ಎಂತು? 10,000 ಸುತ್ತುಗಳ ಬಳಿಕವೂ ಒಳ್ಳೆಯ ಆಟಗಾರರಲ್ಲಿ ಮೂವರಲ್ಲೊಬ್ಬನು ನಷ್ಟದಲ್ಲಿರಬಹುದಾದರೆ, ಅಷ್ಟೇ ಸುತ್ತುಗಳ ಬಳಿಕ ಕೆಟ್ಟ ಆಟಗಾರರಲ್ಲಿಯೂ ಹಲವರು ಲಾಭದಲ್ಲಿರಲೇಬೇಕಷ್ಟೆ. ಒಂದು ತಿಂಗಳ ಗೆಲುವನ್ನು ಜಾಣ್ಮೆಯೆಂದು ನಂಬಿ ಮೆಟ್ಟಿಲೇರುವ ತರುಣನು ಓಲಾಟವನ್ನೇ ಒಲವೆಂದು ಓದಿರುತ್ತಾನೆ. ನಮ್ಮ ದೇಶದಲ್ಲಿ ಇಂಥ ಆಟಗಳಿಂದ ಅನೇಕ ಕುಟುಂಬಗಳು ಸಂಕಟಕ್ಕೀಡಾದ ಮೇಲೆ, ಹಣವೊಡ್ಡುವ ಆನ್‌ಲೈನ್ ಆಟಗಳನ್ನು ನಡೆಸುವುದನ್ನೂ ಅವುಗಳ ಜಾಹೀರಾತನ್ನೂ ನಿಷೇಧಿಸುವ ಕಾಯಿದೆಯನ್ನು ಸಂಸತ್ತು 2025ರ ಆಗಸ್ಟಿನಲ್ಲಿ ಅಂಗೀಕರಿಸಿತು.

ಆದರೆ ಈ ಗಣಿತದ ಉಪಯೋಗ ಇಸ್ಪೀಟಿನ ಮೇಜಿಗಷ್ಟೇ ಸೀಮಿತವಲ್ಲ. ವಿಮಾಸಂಸ್ಥೆಯೊಂದು ಎಷ್ಟು ಮೀಸಲು ಹಣ ಇಟ್ಟುಕೊಂಡರೆ ದಿವಾಳಿಯಾಗದೆ ಉಳಿದೀತೆಂಬ ಪ್ರಶ್ನೆಯನ್ನು ಸ್ವೀಡನ್ನಿನ ಲುಂಡ್‌ಬೆರ್ಗ್ 1903ರಲ್ಲಿ ಇಂಥದೇ ಲೆಕ್ಕದಿಂದ ಬಿಡಿಸತೊಡಗಿದನು. ಅಂಗಡಿಯನ್ನು ಎರಡರಷ್ಟು ವಿಸ್ತರಿಸಲು ಹೊರಟ ವ್ಯಾಪಾರಿಯೂ, ಕೊಳವೆಬಾವಿಯನ್ನು ನಂಬಿ ಎಲ್ಲ ಹೊಲಕ್ಕೂ ಒಂದೇ ಬೆಳೆಯನ್ನಿಡುವ ರೈತನೂ ಮೆಟ್ಟಿಲೇರುವವರೇ. ಅವರೆಲ್ಲರೂ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಮೂರು: ಒಲವೆಷ್ಟು, ಓಲಾಟವೆಷ್ಟು, ಗಂಟೆಷ್ಟು? ಮೂರನ್ನೂ ಕಾಗದದ ಮೇಲೆ ಬರೆದು ಲೆಕ್ಕ ಮಾಡಿ ನೋಡಿದ ಬಳಿಕ ಕಾಲನ್ನು ಎತ್ತಿಡುವುದು ಲೇಸು.