ಶೀಘ್ರ ರಜೋನಿವೃತ್ತಿಯ ವಂಶಾನುಗತಿಯೂ ಸಂತಾನಶಕ್ತಿಯೂ

ಆರ್ತವವು ಸ್ತ್ರೀಯರಲ್ಲಿ ೧೨ನೆಯ ವರ್ಷಕ್ಕೆ ಮೊದಲಾಗಿ ೫೦ನೆಯ ವರ್ಷಕ್ಕೆ ಕ್ಷಯಿಸುವುದೆಂದು ಸುಶ್ರುತಸಂಹಿತೆಯ ಶಾರೀರಸ್ಥಾನದಲ್ಲಿ ಹೇಳಿದೆ. ಆಧುನಿಕರ ಗಣನೆಯೂ ಇದಕ್ಕೆ ಬಹು ದೂರವಲ್ಲ; ರಜೋನಿವೃತ್ತಿಯ ಸರಾಸರಿ ವಯಸ್ಸು ಪಾಶ್ಚಾತ್ಯ ದೇಶಗಳಲ್ಲಿ ಸುಮಾರು ೫೧, ಭಾರತದಲ್ಲಿ ೪೬-೪೭. ಆದರೆ ಸರಾಸರಿಯೆಂಬುದು ಸಮುದಾಯಕ್ಕೆ ಸಲ್ಲುವ ಮಾತೇ ಹೊರತು ವ್ಯಕ್ತಿಗೆ ಸಲ್ಲುವುದಲ್ಲ. ೪೫ಕ್ಕೆ ಮುಂಚೆ ಮುಟ್ಟು ನಿಂತರೆ ಅದನ್ನು ಶೀಘ್ರ ರಜೋನಿವೃತ್ತಿಯೆಂದೂ, ೪೦ಕ್ಕೆ ಮುಂಚೆ ಅಂಡಾಶಯದ ಶಕ್ತಿಯೇ ಕುಂದಿದರೆ ಅದನ್ನು ಅಕಾಲಕ್ಷೀಣತೆಯೆಂದೂ ಕರೆಯಬಹುದು. ತಾಯಿಗೆ ಹೀಗಾಗಿದ್ದ ಪಕ್ಷದಲ್ಲಿ ಮಗಳ ಸಂತಾನಶಕ್ತಿಯ ವಿಷಯವಾಗಿ ಏನನ್ನು ಊಹಿಸಬಹುದೆಂಬುದು ವಿಚಾರಾರ್ಹವಾಗಿದೆ.

ಇದರ ಮೂಲವು ಅಂಡಗಳ ಸಂಖ್ಯೆಯಲ್ಲಿದೆ. ಗರ್ಭಸ್ಥವಾದ ಹೆಣ್ಣು ಶಿಶುವಿಗೆ ಐದು ತಿಂಗಳಾಗುವ ಸಮಯದಲ್ಲಿ ಅದರ ಅಂಡಾಶಯಗಳಲ್ಲಿ ೬೦-೭೦ ಲಕ್ಷ ಅಂಡಗಳಿರುತ್ತವೆ. ಜನನಕಾಲಕ್ಕೆ ೧೦-೨೦ ಲಕ್ಷ, ಋತುಮತಿಯಾಗುವ ವೇಳೆಗೆ ೩-೪ ಲಕ್ಷ ಮಾತ್ರ ಉಳಿಯುತ್ತವೆ. ಇವುಗಳಲ್ಲಿ ಪಕ್ವವಾಗಿ ಹೊರಬರತಕ್ಕವು ೪೦೦-೫೦೦. ಮಿಕ್ಕವು ತಾವಾಗಿಯೇ ನಶಿಸುತ್ತವೆ. ಶೇಷವು ಸುಮಾರು ಸಾವಿರಕ್ಕೆ ಇಳಿದಾಗ ಮುಟ್ಟು ನಿಲ್ಲುತ್ತದೆ. ಆದುದರಿಂದ ಮೊದಲಿನ ಸಂಚಯವು ಅಲ್ಪವಾಗಿದ್ದರೂ, ವ್ಯಯವು ತ್ವರಿತವಾಗಿದ್ದರೂ ರಜೋನಿವೃತ್ತಿಯು ಬೇಗನೆ ಒದಗುವುದು.

ಇದರಲ್ಲಿ ವಂಶದ ಪ್ರಭಾವವು ಸಾಮಾನ್ಯವಾದುದಲ್ಲ. ೧೯೯೫ರಲ್ಲಿ ಅಮೆರಿಕದ ಕ್ರೇಮರ್ ಮೊದಲಾದವರು ಪ್ರಕಟಿಸಿದ ಅಧ್ಯಯನದಲ್ಲಿ, ಬೇಗನೆ ಮುಟ್ಟು ನಿಂತ ಸ್ತ್ರೀಯರ ಪೈಕಿ ನೂರಕ್ಕೆ ಸುಮಾರು ೩೭ ಮಂದಿಯ ಬಂಧುಗಳಲ್ಲಿಯೂ ಹಾಗೆಯೇ ಆಗಿದ್ದಿತು. ಹೋಲಿಕೆಗಾಗಿ ಆರಿಸಿದವರಲ್ಲಿ ಈ ಪ್ರಮಾಣವು ನೂರಕ್ಕೆ ೯ ಮಾತ್ರ. ಈ ವಯಸ್ಸಿಗೆ ಸಂಬಂಧಿಸಿದ ಸುಮಾರು ೨೯೦ ಸ್ಥಾನಗಳನ್ನು ವರ್ಣತಂತುಗಳಲ್ಲಿ ಗುರುತಿಸಿರುವುದಾಗಿ ೨೦೨೧ರಲ್ಲಿ ಪ್ರಕಟವಾಯಿತು.

ಇಲ್ಲಿ ಮುಖ್ಯವಾಗಿ ಗಮನಿಸತಕ್ಕುದೇನೆಂದರೆ, ಗರ್ಭಧಾರಣಶಕ್ತಿಯು ಮುಟ್ಟು ನಿಲ್ಲುವವರೆಗೂ ಇರುವುದಿಲ್ಲ. ಅದಕ್ಕೆ ಸುಮಾರು ೧೦ ವರ್ಷ ಮೊದಲೇ ಬಹುಮಟ್ಟಿಗೆ ಮುಗಿಯುವುದೆಂದು ತಜ್ಞರ ಅಭಿಪ್ರಾಯ. ಈ ಅಂತರವು ಎಲ್ಲರಲ್ಲಿಯೂ ಸಮವಾದುದಾದರೆ, ೪೨ರಲ್ಲಿ ಮುಟ್ಟು ನಿಲ್ಲತಕ್ಕವಳಿಗೆ ೩೨ರ ಸುಮಾರಿಗೇ ಗರ್ಭಧಾರಣವು ದುರ್ಲಭವಾಗಬಹುದು. ಮುಟ್ಟು ಕ್ರಮವಾಗಿಯೇ ಬರುತ್ತಿರುವುದರಿಂದ ಆಕೆಗೆ ಇದರ ಸುಳಿವೂ ಸಿಕ್ಕದು. ಅಂಡಪುಟಕಗಳಿಂದ ಸ್ರವಿಸುವ ಆಂಟಿ-ಮ್ಯುಲೇರಿಯನ್ ಹಾರ್ಮೋನನ್ನು ಡೆನ್ಮಾರ್ಕಿನಲ್ಲಿ ಅಳೆದು ೨೦೧೩ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ತಾಯಿಗೆ ೪೫ರೊಳಗೆ ಮುಟ್ಟು ನಿಂತಿದ್ದ ಹೆಣ್ಣುಮಕ್ಕಳಲ್ಲಿ ಅದು ವರ್ಷಕ್ಕೆ ನೂರಕ್ಕೆ ೮.೬ರಂತೆಯೂ, ೫೫ರ ಬಳಿಕ ನಿಂತಿದ್ದವರ ಹೆಣ್ಣುಮಕ್ಕಳಲ್ಲಿ ೪.೨ರಂತೆಯೂ ಇಳಿಯುತ್ತಿದ್ದಿತು.

ಆದರೆ ಕುಟುಂಬದ ಹೇಳಿಕೆಯನ್ನು ಪರೀಕ್ಷಿಸದೆ ಅಂಗೀಕರಿಸಲಾಗದು. ಮನೆಮಾತಿನಲ್ಲಿ ‘ಮುಟ್ಟು ನಿಂತಿತು’ ಎಂದರೆ ತಾನಾಗಿ ನಿಂತುದೂ ಆದೀತು, ಗರ್ಭಕೋಶವನ್ನು ತೆಗೆಸಿದುದರಿಂದ ನಿಂತುದೂ ಆದೀತು. ಶಸ್ತ್ರಚಿಕಿತ್ಸೆಯಿಂದಲೋ ಅರ್ಬುದರೋಗದ ಔಷಧಗಳಿಂದಲೋ ಆದುದು ಮಗಳಿಗೆ ಬರತಕ್ಕುದಲ್ಲ. ತಂದೆಯ ಕಡೆಯನ್ನು ಮರೆಯುವುದೂ ಸರಿಯಲ್ಲ. ಎಕ್ಸ್ ವರ್ಣತಂತುವಿನ ಎಫ್‌ಎಂಆರ್‌೧ ಎಂಬ ಜೀನಿನಲ್ಲಿ ಒಂದು ವಿಧದ ವ್ಯತ್ಯಾಸವುಳ್ಳ ಸ್ತ್ರೀಯರ ಪೈಕಿ ಸುಮಾರು ಐವರಲ್ಲೊಬ್ಬಳಿಗೆ ಅಕಾಲಕ್ಷೀಣತೆಯುಂಟಾಗುತ್ತದೆ; ಇದು ತಂದೆಯಿಂದಲೂ ಬರಬಹುದಾದುದರಿಂದ ಸೋದರತ್ತೆಯರ ವೃತ್ತಾಂತವೂ ಬೇಕು.

ವಂಶವೃತ್ತಾಂತವು ಸೂಚನೆಯೇ ಹೊರತು ನಿರ್ಣಯವಲ್ಲ. ಬಂಜೆತನದ ಪೂರ್ವವೃತ್ತಾಂತವಿಲ್ಲದ ೩೦-೪೪ ವಯಸ್ಸಿನ ಸ್ತ್ರೀಯರಲ್ಲಿ ಮೇಲಿನ ಹಾರ್ಮೋನು ಕಡಮೆಯಾಗಿದ್ದ ಮಾತ್ರಕ್ಕೆ ಗರ್ಭಧಾರಣವು ಕುಂದಲಿಲ್ಲವೆಂದು ಅಮೆರಿಕದಲ್ಲಿ ೨೦೧೭ರಲ್ಲಿ ಪ್ರಕಟವಾದ ಅಧ್ಯಯನವು ತೋರಿಸಿತು. ಅಕಾಲಕ್ಷೀಣತೆ ಸಿದ್ಧವಾದವರಲ್ಲಿಯೂ ನೂರಕ್ಕೆ ೫-೧೦ ಮಂದಿ ತಾವಾಗಿಯೇ ಗರ್ಭ ಧರಿಸುವುದುಂಟು. ತಾಯಿಯ ಅನುಭವವು ಮಗಳಿಗೆ ತಿಳಿಸುವುದು ಕಾಲದ ಮಿತಿಯನ್ನು. ಅದನ್ನು ಸಕಾಲದಲ್ಲಿ ತಿಳಿದವಳು ವೈದ್ಯಪರೀಕ್ಷೆಯನ್ನಾಗಲಿ, ಅಂಡಸಂರಕ್ಷಣೆಯನ್ನಾಗಲಿ, ಮಾತೃತ್ವದ ಕಾಲವನ್ನಾಗಲಿ ವಿವೇಚಿಸಿ ಆರಿಸಿಕೊಳ್ಳಬಲ್ಲಳು. ಸಂಕೋಚದಿಂದ ತಾಯಿಯು ಹೇಳದೆಯೂ ಮಗಳು ಕೇಳದೆಯೂ ಉಳಿದರೆ, ಆ ಅವಕಾಶವು ಆಕೆಗೆ ತಿಳಿಯದೆಯೇ ಕಳೆದುಹೋಗುವುದು.